ಡೆಮೊ ಮುಗಿದ ಮೇಲೆ ಬರುವ ಎಕ್ಸೆಲ್ ಶೀಟು: ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಮಾರುವವರು ತಿಳಿದಿರಬೇಕಾದ ಸೆಕ್ಯೂರಿಟಿ

ಡೆಮೊ ಚೆನ್ನಾಗಿ ಆಯಿತು. ಬ್ಯಾಂಕಿನವರು ತಲೆಯಾಡಿಸಿದರು, ಕಾಫಿ ತರಿಸಿದರು, ರೇಟಿನ ಮಾತೂ ಬಂತು. ಇನ್ನೇನು ಪಿಒ (ಖರೀದಿ ಆದೇಶ) ಬಂದೇಬಿಡುತ್ತದೆ ಅಂದುಕೊಂಡು ವಾಪಸ್ ಬಂದೆ. ಎರಡು ದಿನ ಬಿಟ್ಟು ಒಂದು ಮೇಲ್ ಬಂತು. ಅದರ ಜೊತೆ ಒಂದು ಎಕ್ಸೆಲ್ ಶೀಟು, ಇನ್ನೂರಕ್ಕೂ ಜಾಸ್ತಿ ಸಾಲು. ಪ್ರತಿ ಸಾಲಿನಲ್ಲಿ ಒಂದು ಪ್ರಶ್ನೆ, ಪಕ್ಕದಲ್ಲಿ 'ಹೌದು, ಇಲ್ಲ, ಭಾಗಶಃ', ಅದರ ಪಕ್ಕದಲ್ಲಿ 'ಪುರಾವೆ' ಅನ್ನುವ ಖಾಲಿ ಕಾಲಂ.

ಇದು ನನ್ನ ಮೊದಲ ಬ್ಯಾಂಕಿನ ಕಥೆ. ಆ ರಾತ್ರಿ ಕೂತು ಹೆಚ್ಚುಕಮ್ಮಿ ಎಲ್ಲದಕ್ಕೂ 'ಹೌದು' ಅಂತ ತುಂಬಿದೆ. ಒಂದು ಪ್ರಶ್ನೆ ಹೀಗಿತ್ತು: 'ಶೇಖರಿಸಿಟ್ಟ ಡೇಟಾ ಎನ್‌ಕ್ರಿಪ್ಟ್ ಆಗಿದೆಯಾ?' ಅಂದರೆ ಬೀಗದಕೈ ಇಲ್ಲದವರಿಗೆ ಓದಲಾಗದ ಗುಪ್ತ ರೂಪದಲ್ಲಿ ಇದೆಯಾ ಅಂತ. ಮನೆಗೆ ಹೊರಟಿದ್ದ ಡೆವಲಪರನ್ನು ಲಿಫ್ಟ್ ಹತ್ತಿರ ಹಿಡಿದು ಕೇಳಿದೆ. 'ಹ್ಞೂ ಸರ್, ಆಗಿದೆ' ಅಂದ. ಅವನು ಹೇಳಿದ್ದು ಡೇಟಾಬೇಸ್ ಬಗ್ಗೆ. ದಿನಾ ರಾತ್ರಿ ಇನ್ನೊಂದು ಸರ್ವರಿಗೆ ಹೋಗುತ್ತಿದ್ದ ಬ್ಯಾಕಪ್‌ಗೆ ಯಾವ ಬೀಗವೂ ಇರಲಿಲ್ಲ. ಮೂರನೇ ಮೀಟಿಂಗ್‌ನಲ್ಲಿ ಬ್ಯಾಂಕಿನ ಇನ್ಫೋಸೆಕ್ (ಮಾಹಿತಿ ಸುರಕ್ಷತೆ) ಮೇಡಂ ತಣ್ಣಗೆ ಕೇಳಿದರು, 'ಬ್ಯಾಕಪ್ ಎಲ್ಲಿಗೆ ಹೋಗುತ್ತೆ?' ಅಷ್ಟೇ. ಆಮೇಲೆ ಅವರು ನನ್ನ ಒಂದು 'ಹೌದು'ವನ್ನೂ ನಂಬಲಿಲ್ಲ. ಎಲ್ಲ ಸಾಲುಗಳಿಗೂ ಮೊದಲಿಂದ ಪುರಾವೆ ಕೇಳಿದರು. ಅಷ್ಟರಲ್ಲಿ ಮಾರ್ಚ್ ಮುಗಿಯಿತು, ಆ ವರ್ಷದ ಬಜೆಟ್ಟೂ ಮುಗಿಯಿತು. ಡೀಲ್ ಕೈತಪ್ಪಿತು.

ಬಿಸಿನೆಸ್ ಡೆವಲಪ್‌ಮೆಂಟ್‌ನಲ್ಲಿ ಇರುವವರಿಗೆ ಹ್ಯಾಕಿಂಗ್ ಗೊತ್ತಿರಬೇಕಿಲ್ಲ. ಆದರೆ ತಾವು ತುಂಬುವ 'ಹೌದು' ಅಂದರೆ ಏನು ಅನ್ನುವುದು ಗೊತ್ತಿರಲೇಬೇಕು. ಯಾಕೆಂದರೆ ಆ ಶೀಟು ಅಲ್ಲಿಗೇ ಮುಗಿಯುವುದಿಲ್ಲ. ಎಷ್ಟೋ ಸಲ ಅದು ಒಪ್ಪಂದದ ಅನುಬಂಧವಾಗಿ ಕೂರುತ್ತದೆ. ಬ್ಯಾಂಕು, ವಿಮೆ, ಷೇರು ಬ್ರೋಕರ್, ಆಸ್ಪತ್ರೆ, ಯಾರಿಗೆ ಮಾರಿದರೂ ಕಥೆ ಇದೇ. ನನ್ನ ಅನುಭವ ಜಾಸ್ತಿ ಬ್ಯಾಂಕುಗಳದ್ದು, ಹಾಗಾಗಿ ಉದಾಹರಣೆಗಳೂ ಅಲ್ಲಿಂದಲೇ.

ಹೆಜ್ಜೆ 1: ಬ್ಯಾಂಕಿನವರು ಯಾರಿಗೆ ಹೆದರುತ್ತಾರೆ ತಿಳಿದುಕೊಳ್ಳಿ

ಇನ್ಫೋಸೆಕ್ ಟೀಮಿನವರು ಸುಮ್ನೆ ಕಾಟ ಕೊಡುತ್ತಾರೆ ಅಂತ ಸೇಲ್ಸ್‌ನವರು ಗೊಣಗುವುದುಂಟು. ಅವರ ಮೇಲೆ ಯಾರಿದ್ದಾರೆ ನೋಡಿದರೆ ಗೊಣಗಾಟ ಕಮ್ಮಿಯಾಗುತ್ತದೆ.

ರಿಸರ್ವ್ ಬ್ಯಾಂಕ್ 2023ರ ಏಪ್ರಿಲ್‌ನಲ್ಲಿ ಐಟಿ ಸೇವೆಗಳನ್ನು ಹೊರಗೆ ಕೊಡುವ ಬಗ್ಗೆ ಒಂದು ಮಾಸ್ಟರ್ ಡೈರೆಕ್ಷನ್ ಹೊರಡಿಸಿತು. ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಅದರ ತಿರುಳು ಇಷ್ಟು: ಕೆಲಸ ಹೊರಗಿನವರಿಗೆ ಕೊಟ್ಟರೂ ಹೊಣೆ ಬ್ಯಾಂಕಿನದ್ದೇ. ಅದರಲ್ಲಿ ಒಂದು ಸಾಲನ್ನು ಮಾರುವವರು ಬಾಯಿಪಾಠ ಮಾಡಬೇಕು. ಏನಾದರೂ ಸೈಬರ್ ಅವಘಡ ಆದರೆ, ವೆಂಡರ್‌ಗೆ ಅದು ಗೊತ್ತಾದ 6 ಗಂಟೆಯೊಳಗೆ ಬ್ಯಾಂಕು ರಿಸರ್ವ್ ಬ್ಯಾಂಕಿಗೆ ವರದಿ ಮಾಡಬೇಕು. ಗಮನಿಸಿ, ಬ್ಯಾಂಕಿಗೆ ಗೊತ್ತಾದ ಹೊತ್ತಿನಿಂದ ಅಲ್ಲ, ನಿಮಗೆ ಗೊತ್ತಾದ ಹೊತ್ತಿನಿಂದ. 'ಬೆಳಿಗ್ಗೆ ಹೇಳೋಣ ಬಿಡಿ' ಅಂತ ನಿಮ್ಮ ಎಂಜಿನಿಯರ್ ಮಲಗಿದರೆ ಬ್ಯಾಂಕಿನ ಗಡುವು ರಾತ್ರಿಯೇ ಮುಗಿದಿರುತ್ತದೆ. ಅವರು ಶೀಟಿನಲ್ಲಿ 'ರಾತ್ರಿ ಹೊತ್ತು ಯಾರು ನೋಡುತ್ತಾರೆ?' ಅಂತ ಕೇಳುವುದು ಇದಕ್ಕೇ.

ಇದರ ಜೊತೆಗೆ ಸೈಬರ್ ಅವಘಡಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನ ಇದೆ. ಅಲ್ಲಿಯೂ 6 ಗಂಟೆ. ಲಾಗ್‌ಗಳನ್ನು (ಸಿಸ್ಟಂನಲ್ಲಿ ಯಾರು ಯಾವಾಗ ಏನು ಮಾಡಿದರು ಅನ್ನುವ ದಾಖಲೆ) 180 ದಿನ ಇಡಬೇಕು ಅನ್ನುವುದೂ ಅಲ್ಲೇ ಬರುತ್ತದೆ. ಪಾವತಿಯ ಡೇಟಾ ಭಾರತದಲ್ಲೇ ಇರಬೇಕು ಅನ್ನುವುದು 2018ರ ರಿಸರ್ವ್ ಬ್ಯಾಂಕ್ ಸುತ್ತೋಲೆ. ವಿಮೆಯವರಿಗೆ ಅವರ ನಿಯಂತ್ರಕ ಸಂಸ್ಥೆ ಐಆರ್‌ಡಿಎಐನ 2023ರ ಮಾರ್ಗಸೂಚಿ. ಬ್ರೋಕರ್, ಮ್ಯೂಚುವಲ್ ಫಂಡ್‌ನವರಿಗೆ ಸೆಬಿ 2024ರ ಆಗಸ್ಟ್‌ನಲ್ಲಿ ತಂದ ಸೈಬರ್ ಚೌಕಟ್ಟು. ಅದು 'ಎಸ್‌ಬಿಒಎಂ' ಬೇಕು ಅನ್ನುತ್ತದೆ. ಹೆಸರು ಕೇಳಿ ಗಾಬರಿ ಬೇಡ. ಮದುವೆ ಅಡುಗೆಯವರು ಬರೆದುಕೊಡುವ ಸಾಮಾನಿನ ಚೀಟಿ ಇದ್ದ ಹಾಗೆ. ನಿಮ್ಮ ಸಾಫ್ಟ್‌ವೇರ್ ಒಳಗೆ ಬೇರೆಯವರು ಬರೆದ ಯಾವ ಯಾವ ಲೈಬ್ರರಿ (ಸಿದ್ಧ ಕೋಡು) ಇದೆ, ಯಾವ ವರ್ಷನ್, ಅಷ್ಟೇ.

ಶಿಕ್ಷೆ ಎಷ್ಟು ಗಟ್ಟಿ ಅನ್ನುವುದಕ್ಕೆ ಒಂದು ಉದಾಹರಣೆ. 2024ರ ಏಪ್ರಿಲ್ 24ರಂದು ರಿಸರ್ವ್ ಬ್ಯಾಂಕ್ ಕೋಟಕ್ ಮಹೀಂದ್ರಾ ಬ್ಯಾಂಕಿಗೆ ಆನ್‌ಲೈನ್ ಮತ್ತು ಮೊಬೈಲ್ ಮೂಲಕ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವುದನ್ನೂ ಹೊಸ ಕ್ರೆಡಿಟ್ ಕಾರ್ಡ್ ಕೊಡುವುದನ್ನೂ ನಿಲ್ಲಿಸಲು ಹೇಳಿತು. ಆ ತಡೆ ತೆರವಾದದ್ದು 2025ರ ಫೆಬ್ರವರಿಯಲ್ಲಿ. ಆದೇಶದಲ್ಲಿ ಎಣಿಸಿದ್ದ ಕೊರತೆಗಳಲ್ಲಿ ಪ್ಯಾಚ್ (ತೂತು ಮುಚ್ಚುವ ಅಪ್‌ಡೇಟ್) ನಿರ್ವಹಣೆ, ಯಾರಿಗೆ ಯಾವ ಆಕ್ಸೆಸ್ ಎಂಬುದರ ನಿರ್ವಹಣೆ ಇದ್ದವು, ಜೊತೆಗೆ ವೆಂಡರ್ ರಿಸ್ಕ್ ಕೂಡ ಇತ್ತು. ಆ ಪಟ್ಟಿ ಓದಿ ಆಮೇಲೆ ನಿಮಗೆ ಬಂದ ಎಕ್ಸೆಲ್ ಶೀಟಿನ ತಲೆಬರಹಗಳನ್ನು ನೋಡಿ. ಎರಡೂ ಅಕ್ಕತಂಗಿಯರ ಹಾಗೆ ಕಾಣುತ್ತವೆ.

ಇನ್ನೊಂದು ಘಟನೆ ನಮ್ಮಂಥ ವೆಂಡರ್‌ಗಳಿಗೆ ಇನ್ನೂ ಹತ್ತಿರದ್ದು. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ಆಯಿತು, ಅಂದರೆ ಡೇಟಾಕ್ಕೆ ಬೀಗ ಹಾಕಿ ಬಿಡಿಸಲು ದುಡ್ಡು ಕೇಳುವ ದಾಳಿ. ಹರಡಬಾರದು ಅಂತ, ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಅವರ ಸಂಪರ್ಕವನ್ನೇ ಕತ್ತರಿಸಿಟ್ಟಿತು. ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಕೈಕೊಟ್ಟವು. ಬ್ಯಾಂಕುಗಳ ತಪ್ಪೇನೂ ಇರಲಿಲ್ಲ. ಪೆಟ್ಟು ಬಿದ್ದದ್ದು ಅವರ ವೆಂಡರ್ ಮೇಲೆ. ಈಗ ಸಹಕಾರಿ ಬ್ಯಾಂಕಿನ ಐಟಿ ಮ್ಯಾನೇಜರ್ ನಿಮ್ಮನ್ನು ಅನುಮಾನದಿಂದ ನೋಡಿದರೆ ಬೇಜಾರು ಮಾಡಿಕೊಳ್ಳಬೇಡಿ.

ಹೆಜ್ಜೆ 2: ಒಂದು ದೋಷವನ್ನಾದರೂ ಕಣ್ಣಾರೆ ನೋಡಿ

ಇದಕ್ಕೆ ಒಂದು ಮಧ್ಯಾಹ್ನ ಸಾಕು. ನಿಮ್ಮ ಟೆಸ್ಟ್ ಮಾಡುವ ಹುಡುಗ ಅಥವಾ ಹುಡುಗಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು, 'ನಮ್ಮ ಹಳೇ ರಿಪೋರ್ಟಿನಲ್ಲಿ ಸಿಕ್ಕ ಒಂದು ತಪ್ಪನ್ನು ಮಾಡಿ ತೋರಿಸಿ' ಅನ್ನಿ.

ನನಗೆ ತೋರಿಸಿದ್ದು ಹೀಗಿತ್ತು. ಟೆಸ್ಟ್ ಸರ್ವರ್. ಪಾಸ್‌ವರ್ಡ್ ಹಾಕಿ, ಒಟಿಪಿ ಹಾಕಿ ಲಾಗಿನ್ ಆದೆ. 'ಸ್ಟೇಟ್‌ಮೆಂಟ್' ಒತ್ತಿದೆ. ಮೇಲೆ ಅಡ್ರೆಸ್ ಬಾರ್‌ನಲ್ಲಿ ಬೀಗದ ಚಿತ್ರ ಇತ್ತು, ಲಿಂಕಿನ ಕೊನೆಯಲ್ಲಿ 10452 ಅಂತ ಒಂದು ಸಂಖ್ಯೆ ಇತ್ತು. 'ಕೊನೇ ಅಂಕಿ 3 ಮಾಡಿ ಎಂಟರ್ ಹೊಡೀರಿ' ಅಂದಳು ಆ ಹುಡುಗಿ. ಹೊಡೆದೆ. ಇನ್ನೊಬ್ಬ ಗ್ರಾಹಕನ ಸ್ಟೇಟ್‌ಮೆಂಟ್ ತೆರೆದುಕೊಂಡಿತು. ಹೆಸರು, ಬಾಕಿ, ಹಿಂದಿನ ತಿಂಗಳ ಖರ್ಚು, ಎಲ್ಲ. ಸುಳ್ಳು ಡೇಟಾ ಅಂತ ಗೊತ್ತಿದ್ದರೂ ಬೆನ್ನು ಚಳಿಯಾಯಿತು.

ಪಾಸ್‌ವರ್ಡ್ ಸರಿ ಇತ್ತು, ಒಟಿಪಿ ಸರಿ ಇತ್ತು, ಎನ್‌ಕ್ರಿಪ್ಷನ್ನೂ ಸರಿ ಇತ್ತು. ಆ್ಯಪ್ 'ನೀನು ಯಾರು' ಅಂತ ಕೇಳಿತ್ತು. 'ಈ ಕಾಗದ ನಿನ್ನದಾ' ಅಂತ ಕೇಳಿರಲಿಲ್ಲ. ಲಾಡ್ಜಿನಲ್ಲಿ ಆಧಾರ್ ನೋಡಿ, ಫೋಟೊ ತೆಗೆದು, ಸಹಿ ಹಾಕಿಸಿಕೊಂಡು, ಕೊನೆಗೆ ಎಲ್ಲ ರೂಮಿಗೂ ಆಗುವ ಬೀಗದಕೈ ಕೊಟ್ಟ ಹಾಗೆ. ಈ ಜಾತಿಯ ತಪ್ಪಿಗೆ ಬ್ರೋಕನ್ ಆಕ್ಸೆಸ್ ಕಂಟ್ರೋಲ್ ಅನ್ನುತ್ತಾರೆ. ವೆಬ್ ಆ್ಯಪ್‌ಗಳ ದೋಷಗಳನ್ನು ಪಟ್ಟಿ ಮಾಡುವ ಓವಾಸ್ಪ್ ಸಂಸ್ಥೆಯ ಟಾಪ್ 10ರಲ್ಲಿ 2021ರಲ್ಲೂ ಇದೇ ಮೊದಲು, 2025ರಲ್ಲೂ ಇದೇ ಮೊದಲು. 'ನಮ್ಮಲ್ಲಿ ಒಟಿಪಿ ಇದೆ, ಸೇಫ್' ಅಂತ ಇನ್ನು ಯಾವ ಮೀಟಿಂಗ್‌ನಲ್ಲೂ ಹೇಳಬಾರದು ಅಂತ ಆ ಮಧ್ಯಾಹ್ನ ತೀರ್ಮಾನಿಸಿದೆ.

ಒಂದು ಎಚ್ಚರಿಕೆ. ಇದನ್ನು ನಿಮ್ಮದೇ ಟೆಸ್ಟ್ ಸರ್ವರಿನಲ್ಲಿ, ಅನುಮತಿ ಇಟ್ಟುಕೊಂಡು ಮಾತ್ರ ಮಾಡಿ. ಬ್ಯಾಂಕಿನ ಸೈಟಿನಲ್ಲಿ ಅಂಕಿ ಬದಲಿಸಿ ನೋಡಿದರೆ ಐಟಿ ಕಾಯ್ದೆಯ ಕೆಳಗೆ ಅಪರಾಧಿ ಆಗುವುದು ನೀವೇ.

ಉಳಿದ ಎರಡು ಮೂರನ್ನು ಬೇಗ ಹೇಳಿಬಿಡುತ್ತೇನೆ. ಹಳೇ ಲೈಬ್ರರಿ: 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಅನ್ನುವ ಲೈಬ್ರರಿಯಲ್ಲಿ ಸಿಕ್ಕ ತೂತಿಗೆ 10ಕ್ಕೆ 10 ಅಂಕ ಬಿತ್ತು, ಅಂದರೆ ಅದಕ್ಕಿಂತ ಕೆಟ್ಟದ್ದು ಇಲ್ಲ. ಆಗ ಎಷ್ಟೋ ಕಂಪನಿಗಳಿಗೆ ಮೊದಲ ತಲೆನೋವು ರಿಪೇರಿ ಅಲ್ಲ, 'ಅದು ನಮ್ಮಲ್ಲಿ ಎಲ್ಲೆಲ್ಲಿ ಇದೆ' ಅಂತ ಹುಡುಕುವುದು. ಮೇಲೆ ಹೇಳಿದ ಸಾಮಾನಿನ ಚೀಟಿ ಇದಕ್ಕೇ ಬೇಕು. ಕೋಡಿನಲ್ಲಿ ಬರೆದಿಟ್ಟ ಪಾಸ್‌ವರ್ಡ್: ಇದೆಯಾ ಅಂತ ನೇರ ಕೇಳಿ, ಉತ್ತರಕ್ಕೆ ಮೊದಲು ಯಾರಾದರೂ ಮುಖ ಮುಖ ನೋಡಿಕೊಂಡರೆ ಇದೆ ಅಂತ ಅರ್ಥ. ಎನ್‌ಕ್ರಿಪ್ಷನ್: ದಾರಿಯಲ್ಲಿ ಹೋಗುವಾಗ, ಇಟ್ಟಲ್ಲಿ ಇರುವಾಗ, ಮತ್ತು ಬೀಗದಕೈ ಯಾರ ಹತ್ತಿರ, ಈ ಮೂರೂ ಬೇರೆ ಬೇರೆ ಪ್ರಶ್ನೆ. ಬೇಸ್64 ಎನ್‌ಕ್ರಿಪ್ಷನ್ ಅಲ್ಲವೇ ಅಲ್ಲ. ಅದು ಕನ್ನಡವನ್ನು ಮೋಡಿ ಲಿಪಿಯಲ್ಲಿ ಬರೆದ ಹಾಗೆ. ಆ ಲಿಪಿ ಬಲ್ಲವರೆಲ್ಲ ಓದುತ್ತಾರೆ.

ಹೆಜ್ಜೆ 3: ಸರ್ಟಿಫಿಕೇಟ್ ತೋರಿಸುವ ಮೊದಲು ನೀವೇ ಓದಿ

ವಿಎಪಿಟಿ ಅಂದರೆ ಸಾಫ್ಟ್‌ವೇರಿನಲ್ಲಿ ತೂತು ಹುಡುಕಿ ಒಳನುಗ್ಗಲು ನೋಡುವ ಪರೀಕ್ಷೆ. ಅದರ ರಿಪೋರ್ಟ್ ಅರವತ್ತು ಪುಟ ಇರಬಹುದು. ನೋಡಬೇಕಾದದ್ದು ಐದೇ ಜಾಗ. ಯಾವ ದಿನಾಂಕದ್ದು? ನೀವು ಮಾರುತ್ತಿರುವ ವರ್ಷನ್ನೇ ಪರೀಕ್ಷೆ ಆಗಿದೆಯಾ, ಇಲ್ಲ ಎರಡು ವರ್ಷ ಹಿಂದಿನದಾ? ಮಾಡಿದವರು ಸರ್ಟ್-ಇನ್ ಪಟ್ಟಿಯಲ್ಲಿರುವ ಆಡಿಟರಾ? ಲಾಗಿನ್ ಕೊಟ್ಟು ಒಳಗಿನಿಂದ ಪರೀಕ್ಷಿಸಿದರಾ, ಬರೀ ಹೊರಗಿನಿಂದ ತಟ್ಟಿ ನೋಡಿದರಾ? ನಾನು ಮೇಲೆ ಹೇಳಿದ 10453ರ ತಪ್ಪು ಹೊರಗಿನಿಂದ ತಟ್ಟಿದರೆ ಸಿಗುವುದೇ ಇಲ್ಲ. ಕೊನೆಯದಾಗಿ, ಸಿಕ್ಕ ತಪ್ಪುಗಳನ್ನು ಸರಿಮಾಡಿದ ಮೇಲೆ ರೀಟೆಸ್ಟ್ ಆಗಿದೆಯಾ? ತಪ್ಪುಗಳೇ ಇಲ್ಲದ ರಿಪೋರ್ಟಿಗಿಂತ, ಏಳು ತಪ್ಪು ಸಿಕ್ಕಿ ಏಳೂ 'ಮುಚ್ಚಲಾಗಿದೆ' ಅಂತಿರುವ ರಿಪೋರ್ಟನ್ನು ಬ್ಯಾಂಕಿನವರು ಜಾಸ್ತಿ ನಂಬುತ್ತಾರೆ. ಇದು ನಾನು ಮತ್ತೆ ಮತ್ತೆ ಕಂಡದ್ದು.

ಅಂಕಗಳ ಲೆಕ್ಕವೂ ಗೊತ್ತಿರಲಿ. ಸಿವಿಎಸ್‌ಎಸ್ ಅನ್ನುವ, ದೋಷ ಎಷ್ಟು ಗಂಭೀರ ಅಂತ ಹೇಳುವ ಅಳತೆಯಲ್ಲಿ 9ರಿಂದ 10 ಕ್ರಿಟಿಕಲ್, 7ರಿಂದ 8.9 ಹೈ, 4ರಿಂದ 6.9 ಮೀಡಿಯಂ. ಕ್ರಿಟಿಕಲ್, ಹೈ ಬಾಕಿ ಇದ್ದರೆ ಗೋ-ಲೈವ್ (ಬಳಕೆಗೆ ಬಿಡುವುದು) ಬಗ್ಗೆ ಮಾತಾಡಲೇ ಹೋಗಬೇಡಿ.

ಐಎಸ್‌ಒ 27001 ಅನ್ನುವ ಮಾಹಿತಿ ಸುರಕ್ಷತೆಯ ಸರ್ಟಿಫಿಕೇಟ್‌ನಲ್ಲಿ ಲೋಗೊ ಅಲ್ಲ, 'ಸ್ಕೋಪ್' ಅನ್ನುವ ಸಾಲು ಓದಿ. ಜಯನಗರದ ಆಫೀಸಿನ ಎಚ್‌ಆರ್ ವಿಭಾಗಕ್ಕೆ ಮಾತ್ರ ಸಿಕ್ಕಿರುವ ಸರ್ಟಿಫಿಕೇಟನ್ನು ಕ್ಲೌಡ್‌ನಲ್ಲಿರುವ ಪ್ರಾಡಕ್ಟಿಗೆ ತೋರಿಸಿದರೆ ಮಾನ ಹೋಗುತ್ತದೆ. ಈಗ ನಡೆಯುವುದು 2022ರ ಆವೃತ್ತಿ, ಅದರಲ್ಲಿ 93 ಸುರಕ್ಷತಾ ಕ್ರಮಗಳು, ಅಂದರೆ ಕಂಟ್ರೋಲ್‌ಗಳು. ಇನ್ನೂ 114 ಕಂಟ್ರೋಲ್ ಅನ್ನುವವರು 2013ರದ್ದು ಹಿಡಿದುಕೊಂಡಿದ್ದಾರೆ.

ಎಸ್‌ಒಸಿ 2 ಅಂದರೆ ನಿಮ್ಮ ಸುರಕ್ಷತಾ ಕ್ರಮಗಳ ಬಗ್ಗೆ ಹೊರಗಿನ ಆಡಿಟರ್ ಕೊಡುವ ವರದಿ. ಅದರಲ್ಲಿ ಎರಡು ಬಗೆ. ಟೈಪ್ 1 ಅಂದರೆ ಒಂದು ದಿನದ ಫೋಟೊ. ಟೈಪ್ 2 ಅಂದರೆ ಕೆಲವು ತಿಂಗಳ ಸಿಸಿಟಿವಿ. ಗ್ರಾಹಕರು ಕೇಳುವುದು ಎರಡನೆಯದನ್ನೇ.

ಬೆಂಗಳೂರಿನಿಂದ ಅಮೆರಿಕದ ಆಸ್ಪತ್ರೆಗಳಿಗೆ ಮಾರುವವರು 'ಹಿಪಾ ಸರ್ಟಿಫೈಡ್' ಅಂತ ಬ್ರೋಷರಿನಲ್ಲಿ ಹಾಕಿರುವುದನ್ನು ನೋಡಿದ್ದೇನೆ. ಹಿಪಾ ಅಂದರೆ ರೋಗಿಗಳ ಮಾಹಿತಿ ಕಾಪಾಡುವ ಅಮೆರಿಕದ ಕಾನೂನು. ಅಲ್ಲಿಯ ಸರ್ಕಾರ ಅಂಥ ಸರ್ಟಿಫಿಕೇಟ್ ಕೊಡುವುದೇ ಇಲ್ಲ, ಬೇರೆಯವರು ಕೊಟ್ಟಿದ್ದಕ್ಕೆ ಮಾನ್ಯತೆಯೂ ಇಲ್ಲ. ಆಸ್ಪತ್ರೆಯವರು ನಿಜಕ್ಕೂ ಕೇಳುವುದು ಬಿಎಎ ಅನ್ನುವ, ರೋಗಿಗಳ ಡೇಟಾ ಕಾಪಾಡುವ ಹೊಣೆಯ ಒಪ್ಪಂದಕ್ಕೆ ನಿಮ್ಮ ಸಹಿ. ಗೊತ್ತಿರುವವರ ಮುಂದೆ ಆ ಬ್ರೋಷರ್ ಬಿಚ್ಚಿದರೆ ಮುಂದಿನ ಮಾತೇ ಬೇಡ.

ಇನ್ನೊಂದು, ಕ್ಲೌಡ್ ಕಂಪನಿಯ ಸರ್ಟಿಫಿಕೇಟ್ ನಿಮ್ಮದಲ್ಲ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ಇದ್ದಾನೆ ಅಂತ ನಿಮ್ಮ ಫ್ಲ್ಯಾಟಿನ ಬಾಗಿಲು ತೆರೆದಿಟ್ಟು ಊರಿಗೆ ಹೋಗುತ್ತೀರಾ?

ಹೆಜ್ಜೆ 4: ಡೇಟಾ ಓಡಾಡುವ ದಾರಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ

ಒಂದು ಎ4 ಹಾಳೆ, ಒಂದು ಪೆನ್ಸಿಲ್. ಗ್ರಾಹಕನ ಮೊಬೈಲ್ ಎಡಗಡೆ. ಅಲ್ಲಿಂದ ಅವನ ಪ್ಯಾನ್ ನಂಬರ್ ಎಲ್ಲೆಲ್ಲಿ ಹೋಗುತ್ತದೆ ಅಂತ ಗೆರೆ ಎಳೆಯುತ್ತಾ ಹೋಗಿ. ಸರ್ವರ್, ಡೇಟಾಬೇಸ್, ಬ್ಯಾಕಪ್ ಇವೆಲ್ಲ ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ಬೇರೆ. ಎಸ್‌ಎಂಎಸ್ ಕಳಿಸುವ ಕಂಪನಿ, ಮೇಲ್ ಕಳಿಸುವ ಸೇವೆ, ಆ್ಯಪ್ ಕ್ರ್ಯಾಶ್ ಆದಾಗ ಹೊರದೇಶದ ಸರ್ವರಿಗೆ ಹೋಗುವ ರಿಪೋರ್ಟ್, ಲಾಗ್ ಫೈಲಿನಲ್ಲಿ ಗೊತ್ತಿಲ್ಲದೇ ಬೀಳುವ ಮೊಬೈಲ್ ನಂಬರ್.

ಮತ್ತೆ ವಾಟ್ಸ್ಆ್ಯಪ್! ನಮ್ಮ ಹಾಳೆ ಬರೆಯುವಾಗ ಸಪೋರ್ಟ್ ಟೀಮಿನ ಹುಡುಗನೊಬ್ಬ ಮೆಲ್ಲಗೆ ಹೇಳಿದ, 'ಸರ್, ಬ್ರಾಂಚಿನವರು ಪ್ರಾಬ್ಲಂ ಬಂದಾಗ ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕ್ತಾರೆ.' ತೆಗೆದು ನೋಡಿದರೆ ಗ್ರಾಹಕರ ಪ್ಯಾನ್, ಜನ್ಮದಿನ, ಸಾಲದ ಮೊತ್ತ ಎಲ್ಲ ನಮ್ಮ ಹನ್ನೊಂದು ಜನರ ಫೋನಿನಲ್ಲಿ. ಯಾವ ಫೈರ್‌ವಾಲ್ ಇದ್ದು ಏನು ಬಂತು? ಆ ವಾರವೇ ಗ್ರೂಪ್ ಮುಚ್ಚಿ ಟಿಕೆಟ್ ವ್ಯವಸ್ಥೆಗೆ ಹೋದೆವು.

ಈ ಹಾಳೆಯಿಂದ ಇನ್ನೊಂದು ಲಾಭ ಇದೆ. ಬೇಡದ ಡೇಟಾ ಕಣ್ಣಿಗೆ ಬೀಳುತ್ತದೆ. ಕಾರ್ಡ್ ನಂಬರ್ ನಿಮ್ಮ ಸರ್ವರ್ ಮುಟ್ಟುತ್ತಿದ್ದರೆ ಕಾರ್ಡ್ ಡೇಟಾದ ಸುರಕ್ಷತಾ ನಿಯಮಾವಳಿ ಪಿಸಿಐ ಡಿಎಸ್‌ಎಸ್ ಬಂದು ತಲೆಮೇಲೆ ಕೂರುತ್ತದೆ. ಪೇಮೆಂಟ್ ಗೇಟ್‌ವೇ ಅವರ ಪುಟದಲ್ಲೇ ಗ್ರಾಹಕರು ಕಾರ್ಡ್ ಹಾಕುವ ಹಾಗೆ ಮಾಡಿದರೆ ಆ ಭಾರದ ಬಹುಪಾಲು ಇಳಿಯುತ್ತದೆ. ಮಾರುವವರು ಇದನ್ನು ಡಿಸೈನ್ ಹಂತದಲ್ಲೇ ಕೇಳಬೇಕು, ಆಮೇಲೆ ಅಲ್ಲ.

ಹೆಜ್ಜೆ 5: ಈಗ ಶೀಟು ತುಂಬಿ

ಒಬ್ಬರೇ ತುಂಬಬೇಡಿ. ಪ್ರತಿ ಸಾಲಿಗೂ ಉತ್ತರ ಕೊಟ್ಟವರ ಹೆಸರು ಮತ್ತು ದಿನಾಂಕ ನಿಮ್ಮ ಒಳಗಿನ ಪ್ರತಿಯಲ್ಲಿ ಇರಲಿ. ಪುರಾವೆ ಕೈಯಲ್ಲಿ ಇಲ್ಲದಿದ್ದರೆ 'ಹೌದು' ಬರೆಯಬೇಡಿ.

'ಇಲ್ಲ' ಬರೆಯಲು ಹೆದರಬೇಡಿ, ಆದರೆ ಬರೀ 'ಇಲ್ಲ' ಬೇಡ. ನನ್ನ ಆ ಬ್ಯಾಕಪ್ ಪ್ರಶ್ನೆಗೆ ಈಗ ಬರೆಯುವುದಾದರೆ ಹೀಗೆ ಬರೆಯುತ್ತೇನೆ: 'ಭಾಗಶಃ. ಡೇಟಾಬೇಸ್ ಎಇಎಸ್-256ರಲ್ಲಿ ಎನ್‌ಕ್ರಿಪ್ಟ್ ಆಗಿದೆ, ಸೆಟ್ಟಿಂಗ್‌ನ ಸ್ಕ್ರೀನ್‌ಶಾಟ್ ಲಗತ್ತಿಸಿದೆ. ರಾತ್ರಿಯ ಬ್ಯಾಕಪ್ ಇನ್ನೂ ಆಗಿಲ್ಲ. ಜೂನ್ 30ರೊಳಗೆ ಆಗುತ್ತದೆ. ಅಲ್ಲಿಯವರೆಗೆ ಬ್ಯಾಕಪ್ ಸರ್ವರಿಗೆ ಇಬ್ಬರಿಗೆ ಮಾತ್ರ ಆಕ್ಸೆಸ್ ಇದೆ, ಅವರ ಲಾಗಿನ್‌ಗಳ ಲಾಗ್ ಇಡುತ್ತಿದ್ದೇವೆ.' ಏನಿದೆ, ಏನಿಲ್ಲ, ಯಾವಾಗ ಆಗುತ್ತದೆ, ಅಲ್ಲಿಯವರೆಗೆ ಏನು ಮಾಡುತ್ತೇವೆ. ಇನ್ಫೋಸೆಕ್‌ನವರು ಇದನ್ನು ತಮ್ಮ ಮೇಲಿನವರಿಗೆ ಹಾಗೇ ಕಳಿಸಬಹುದು. ಅವರಿಗೂ ಒಂದು ಫೈಲ್ ನೋಟ್ ಬೇಕು ಅಲ್ವಾ?

ದಿನಾಂಕ ಕೊಡುವ ಮೊದಲು ಎಂಜಿನಿಯರಿಂಗ್‌ನವರ ಬಾಯಿಂದ ಆ ದಿನಾಂಕ ಬರಲಿ. ಸೇಲ್ಸ್‌ನವರು ತಾವೇ ಕೊಟ್ಟ ದಿನಾಂಕ ಸಾಮಾನ್ಯವಾಗಿ ಯಾರ ಕ್ಯಾಲೆಂಡರಿನಲ್ಲೂ ಇರುವುದಿಲ್ಲ.

ಒಮ್ಮೆ ತುಂಬಿದ ಉತ್ತರಗಳನ್ನು ಎತ್ತಿಡಿ. ಎರಡನೇ ಬ್ಯಾಂಕಿನ ಶೀಟು ಬಂದಾಗ ಮುಕ್ಕಾಲು ಪಾಲು ಅವೇ ಪ್ರಶ್ನೆಗಳು ಬೇರೆ ಮಾತಿನಲ್ಲಿ ಬಂದಿರುತ್ತವೆ. ಆದರೆ ಹಾಗೇ ಕಾಪಿ ಹೊಡೆಯಬೇಡಿ. ಹಳೇ ಬ್ಯಾಂಕಿನ ಹೆಸರು ಉತ್ತರದೊಳಗೆ ಉಳಿದುಬಿಟ್ಟರೆ, ಅದೇ ಒಂದು ಡೇಟಾ ಸೋರಿಕೆ.

ಹೆಜ್ಜೆ 6: ಮೀಟಿಂಗ್‌ನಲ್ಲಿ

ಡೆವಲಪರನ್ನು ಕರೆದುಕೊಂಡು ಹೋಗಿ, ಮಾತಾಡಲು ಬಿಡಿ. ನಿಮ್ಮ ಕೆಲಸ ಪ್ರಶ್ನೆಯ ಹಿಂದಿನ ಪ್ರಶ್ನೆ ಹಿಡಿಯುವುದು. 'ಲಾಗ್ ಎಷ್ಟು ದಿನ ಇಡುತ್ತೀರಿ?' ಅಂದರೆ ಅವರ ತಲೆಯಲ್ಲಿ 180 ಓಡುತ್ತಿದೆ. 'ಸಬ್ ಕಾಂಟ್ರಾಕ್ಟರ್ ಇದ್ದಾರಾ?' ಅಂದರೆ ಆ ಎಸ್‌ಎಂಎಸ್ ಕಂಪನಿಯನ್ನೂ ಆಡಿಟ್ ಮಾಡಬೇಕಾ ಅಂತ ಲೆಕ್ಕ ಹಾಕುತ್ತಿದ್ದಾರೆ. ಗೊತ್ತಿಲ್ಲದ್ದಕ್ಕೆ 'ಗುರುವಾರದೊಳಗೆ ಬರೆದು ಕಳಿಸುತ್ತೇವೆ ಮೇಡಂ' ಅನ್ನಿ, ಬುಧವಾರ ಕಳಿಸಿ.

'ಹಂಡ್ರೆಡ್ ಪರ್ಸೆಂಟ್ ಸೆಕ್ಯೂರ್' ಅನ್ನುವ ಮಾತು ಎದುರಿಗಿರುವವರಿಗೆ ನಗು ತರಿಸುತ್ತದೆ, ಅವರು ತೋರಿಸಿಕೊಳ್ಳುವುದಿಲ್ಲ ಅಷ್ಟೇ.

ಹೆಜ್ಜೆ 7: ಒಪ್ಪಂದ, ದುಡ್ಡು, ದಿನ

ಮೂರು ಷರತ್ತು ಬಂದೇ ಬರುತ್ತವೆ. ನಿಮ್ಮನ್ನು ಬ್ಯಾಂಕು ಆಡಿಟ್ ಮಾಡುವ ಹಕ್ಕು, ರಿಸರ್ವ್ ಬ್ಯಾಂಕಿನವರೂ ಬಂದು ನೋಡುವ ಹಕ್ಕು, ಒಪ್ಪಂದ ಮುಗಿದಾಗ ಡೇಟಾ ವಾಪಸ್ ಕೊಟ್ಟು ಅಳಿಸುವ ಕ್ರಮ. ಇವನ್ನು ತೆಗೆಸಲು ಜಗಳ ಆಡಿ ಸಮಯ ಹಾಳುಮಾಡಬೇಡಿ, ಅವರ ಕೈಯಲ್ಲೂ ಇಲ್ಲ.

ಜಗಳ ಆಡಬೇಕಾದದ್ದು ನಷ್ಟಭರ್ತಿಯ ಸಾಲಿಗೆ. 2023ರ ಡಿಪಿಡಿಪಿ ಕಾಯ್ದೆಯಲ್ಲಿ (ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣೆಯ ಕಾನೂನು) ಡೇಟಾ ಕಾಪಾಡಲು ತಕ್ಕ ವ್ಯವಸ್ಥೆ ಮಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ಡೇಟಾ ನಿಮ್ಮ ಕೈಯಲ್ಲಿದ್ದರೂ ಕಾಯ್ದೆಯ ಹೊಣೆ ಬ್ಯಾಂಕಿನದ್ದು. ಹಾಗಾಗಿ ಬ್ಯಾಂಕಿನ ವಕೀಲರು ಆ ಭಾರವನ್ನು ಒಪ್ಪಂದದ ಮೂಲಕ ನಿಮ್ಮ ಮೇಲೆ ಹೊರಿಸಲು ನೋಡುತ್ತಾರೆ. ವರ್ಷಕ್ಕೆ ಇಪ್ಪತ್ತು ಲಕ್ಷದ ಒಪ್ಪಂದಕ್ಕೆ ಮಿತಿಯೇ ಇಲ್ಲದ ನಷ್ಟಭರ್ತಿಗೆ ಸಹಿ ಹಾಕಬೇಡಿ. ಇಲ್ಲಿ ನಿಮ್ಮ ವಕೀಲರಿಗೆ ಕೊಡುವ ಫೀಸು ವ್ಯರ್ಥ ಅಲ್ಲ.

ರೇಟ್ ಹೇಳುವಾಗ ವರ್ಷಕ್ಕೊಮ್ಮೆಯಾದರೂ ಆಗುವ ವಿಎಪಿಟಿ, ರೀಟೆಸ್ಟ್, ಬ್ಯಾಂಕಿನ ಆಡಿಟರ್ ಬಂದಾಗ ನಿಮ್ಮ ಜನ ಕಳೆಯುವ ದಿನಗಳು, 180 ದಿನದ ಲಾಗ್‌ಗೆ ಬೇಕಾದ ಜಾಗ, ಇವನ್ನೆಲ್ಲ ಸೇರಿಸಿ. ಮತ್ತೆ ನಿಮ್ಮ ಸೇಲ್ಸ್ ಲೆಕ್ಕದಲ್ಲಿ ಡೆಮೊ ಆದ ತಿಂಗಳೇ ಪಿಒ ಅಂತ ತೋರಿಸಬೇಡಿ. ಸೆಕ್ಯೂರಿಟಿ ಪರಿಶೀಲನೆಗೆ ನಾನು ಕನಿಷ್ಠ ಮೂರು ತಿಂಗಳು ಬೇರೆ ಇಡುತ್ತೇನೆ. ಶೀಟನ್ನು ಮೊದಲ ಭೇಟಿಯಲ್ಲೇ ಕೇಳಿ ತೆಗೆದುಕೊಂಡರೆ ಒಂದು ತಿಂಗಳು ಉಳಿಯುತ್ತದೆ. 'ನಿಮ್ಮ ಇನ್ಫೋಸೆಕ್‌ನವರ ಪ್ರಶ್ನೆಗಳನ್ನು ಈಗಲೇ ಕೊಡಿ ಸರ್' ಅಂದಾಗ ಬಿಸಿನೆಸ್ ಕಡೆಯವರು ಆಶ್ಚರ್ಯದಿಂದ ನೋಡುತ್ತಾರೆ. ಕೊಡುತ್ತಾರೆ.

ಸಹಿ ಆದ ಮೇಲೆ

ಒಂದು ಪುಟದ ಫೋನ್ ಪಟ್ಟಿ ಮಾಡಿ. ಏನಾದರೂ ಆದರೆ ಮೊದಲು ಯಾರಿಗೆ, ಅವರು ಎತ್ತದಿದ್ದರೆ ಯಾರಿಗೆ, ಬ್ಯಾಂಕಿನಲ್ಲಿ ಯಾರಿಗೆ, ಅವರ ರಾತ್ರಿಯ ನಂಬರ್ ಯಾವುದು. ಮೂರು ತಿಂಗಳಿಗೊಮ್ಮೆ ಆ ನಂಬರುಗಳಿಗೆ ನಿಜಕ್ಕೂ ಫೋನ್ ಮಾಡಿ ನೋಡಿ. ನಾವು ಮೊದಲ ಸಲ ಹಾಗೆ ಮಾಡಿದ್ದು ಒಂದು ಶನಿವಾರ ರಾತ್ರಿ ಹತ್ತೂವರೆಗೆ. ಪಟ್ಟಿಯ ಮೊದಲ ಹೆಸರಿನವರು ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು. ಎರಡನೆಯವರ ಫೋನ್ ಸ್ವಿಚ್ಡ್ ಆಫ್. ಮೂರನೆಯ ಹೆಸರು ನನ್ನದು. ಪುಣ್ಯಕ್ಕೆ ನಾನು ಎತ್ತಿದೆ.